ಗೌಜಲಕ್ಕಿ ಗೂಡಿನ ಹೊಸ ಸೂರು

ಮೂಗಿನ ಕೆಳಗೆ ಒಂದು ಪುಟ್ಟ ತುಪ್ಪಳ ಬಂದು ಕೂತಿದೆ, ಉಸಿರು ಬಿಟ್ರೆ ಏಳುತ್ತೆ, ಎಳ್ಕೊಂಡ್ರೆ ಹೊಳ್ಳೆಗೇ ವಾಪಸ್ಸು ಬರುತ್ತೆ, ಸೀನಬಾರದು, ಸೀನಿದ್ಯೋ ಮುಗೀತು ಮಗನೇ ನಿನ್ ಕತೆ — ನಿನ್ನದಲ್ಲ, ಇವುಗಳದ್ದು, ಮೂವತ್ತೊಂಬತ್ತು ಗೌಜಲಕ್ಕಿಗಳದ್ದು, ಹತ್ತು ನಿಮಿಷದ ಹಿಂದೆ ನಲವತ್ತಿದ್ವು. ಅವನು ಅಕ್ಕನ ಹಿತ್ತಲ ಗೂಡಿನೊಳಗೆ ಕುಕ್ಕರಗಾಲಲ್ಲಿ ಕೂತಿದಾನೆ, ಮೊಣಕಾಲು ಗಲ್ಲಕ್ಕೆ ತಾಗ್ತಿದೆ, ಕಾಳು ಚೆಲ್ಲೋಕೆ ಅಂತ ಒಳಗೆ ತೂರಿದ್ದೇ ತಡ ಬಾಗಿಲು ಹಿಂದಿನಿಂದ ಮುಚ್ಕೊಂಡು ಹೊರಗಿನ ಚಿಲಕ ತಾನಾಗೇ ಬಿತ್ತು, ಆ ಸದ್ದಿಗೇ ಒಂದು ಹಕ್ಕಿ ನೆಟ್ಟಗೆ ಮೇಲಕ್ಕೆ ಚಿಮ್ಮಿ ಟಕ್ ಅಂದು ಕೆಳಗೆ ಬಿತ್ತು, ಮರದ ಹೊಟ್ಟಿನ ಮೇಲೆ ಎರಡು ಸಲ ಕಾಲು ಒದರ್ತು, ಆಮೇಲೆ ಇಲ್ಲ. ಅಷ್ಟೇ. ಸಿನಿಮಾದಲ್ಲಾದ್ರೆ ಸಾಯೋನು ಒಂದು ರೀಲು ಮಾತಾಡ್ತಾನೆ, ಇದು ಅಷ್ಟೇ. ಅಕ್ಕ ಸುಮ್ನೆ ಡೈಲಾಗು ಅಂತ ಹೆಸರಿಟ್ಟಿಲ್ಲ, ಮೊನ್ನೆ ಬೀದಿ ಕೊನೇಲಿ ನಿಂತು ಕಾಲರ್ ಎತ್ತಿ ಹೊಡೆದಿದ್ದ, ನಾನು ಹೆಜ್ಜೆ ಇಟ್ರೆ ಭೂಮಿ ನಡುಗಲ್ಲ ಕಣೋ, ಸೈಡಿಗೆ ನಿಂತು ದಾರಿ ಬಿಡುತ್ತೆ — ಇಡು ಈಗ ಹೆಜ್ಜೆ, ಹೆಬ್ಬೆರಳು ಅಲ್ಲಾಡಿಸು ನೋಡೋಣ, ಮೂವತ್ತೊಂಬತ್ತು ಜೊತೆ ಕಣ್ಣು, ಮೆಣಸಿನ ಕಾಳಿನಂಥವು, ಎಲ್ಲಾ ಅವನ ಮೇಲೇ. ಕಾಲು ಜೋಮು ಹಿಡೀತಿದೆ. ಸತ್ತ ಹಕ್ಕಿಯಿಂದ ಕಣ್ಣು ಕಿತ್ತು ಮೇಲಕ್ಕೆ ನೋಡಿದಾಗಲೇ ಅವನಿಗೆ ಕಂಡಿದ್ದು, ಮೊಳೆ, ತಗಡಿನ ಆ ಕಡೆಯಿಂದ ಅವನೇ ಹೊಡೆದ ಮೊಳೆ, ಮರದ ಪಟ್ಟಿ ದಾಟಿ ಈ ಕಡೆ ಅರ್ಧ ಬೆರಳುದ್ದ ಇಳಿದಿದೆ, ಸಾಲಿಗೆ ಆರು, ನಾಲ್ಕು ಸಾಲು, ಬಾಗಿಲ ಹತ್ರದ್ದರ ತುದೀಲಿ ಬಿಸಿಲು ಕೂತು ಹೊಳೀತಿದೆ. ಒಳಗಡೆ ಬಗ್ಗಿಸಬೇಕು ಅಂತ ಗೊತ್ತಿರಲಿಲ್ವಾ, ಗೊತ್ತಿತ್ತು, ಮರೆತೆ, ಯಾಕಂದ್ರೆ ಸುತ್ತಿಗೆ ಹಿಡ್ಕೊಂಡು ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬೇರೆ ಬಾಯಲ್ಲೇ ಹಾಕ್ತಿದ್ದೆನಲ್ಲ, ಡಣ್ ಡಣ್ ಡಡಣ್, ಥೂ.

ಅಕ್ಕಂಗೆ ಸರ್‌ಪ್ರೈಸ್ ಅಂತೆ ಸರ್‌ಪ್ರೈಸು. ಅವಳು ಮೊಟ್ಟೆ ಬುಟ್ಟಿ ಹಿಡ್ಕೊಂಡು ಬೇಕರಿಯವನಿಗೆ ಕೊಡೋಕೆ ಹೋದ ಮೂರು ಗಂಟೆಯಲ್ಲಿ ಹೊಸ ಸೂರು ಎತ್ತಿಬಿಡೋದು, ದಿನಾ ಬೆಳಿಗ್ಗೆ ಒಂದು ಗೇಣೆತ್ತರದ ಗೂಡೊಳಗೆ ಕೈ ತೂರಿಸಿ, ಕೆನ್ನೆ ನೆಲಕ್ಕೊತ್ತಿ ಮೊಟ್ಟೆ ತಡಕಾಡ್ತಾಳಲ್ಲ, ಎದ್ದಾಗ ಸೊಂಟ ಹಿಡ್ಕೊಂಡು ಅಮ್ಮಾ ಅಂತಾಳಲ್ಲ, ಇನ್ಮೇಲೆ ರಾಣಿ ಥರ ಒಳಗೇ ಹೋಗಿ ಕೂರ್ಲಿ. ಹಕ್ಕಿನೆಲ್ಲ ಹಣ್ಣಿನ ಕ್ರೇಟಿಗೆ ತುಂಬಿದ, ತಗಡು ಕಿತ್ತ, ತಗಡಿನಡಿ ಅವಳು ಬಿಗಿದು ಕಟ್ಟಿದ್ದ ಹಳೇ ಬೆಡ್‌ಶೀಟೂ ಕಿತ್ತ, ಇದ್ಯಾವ ಸೀಮೆ ಡೆಕೊರೇಷನ್ನು ಅಂತ ಬಿಸಾಕಿದ, ಸೂರನ್ನ ಎದೆಮಟ್ಟಕ್ಕೆ ಏರಿಸಿದ, ಹಕ್ಕಿ ವಾಪಸ್ ಬಿಟ್ಟ. ಹೇಳಿದ್ಲಲ್ಲ, ಹೋದ ವರ್ಷವೇ ಹೇಳಿದ್ಲಲ್ಲ, ಹೆದರಿದ್ರೆ ಕೋಳಿ ಓಡುತ್ತೆ, ಇವು ಓಡಲ್ಲ ಕಣೋ ಡೈಲಾಗು, ಬಾಣ ಬಿಟ್ಟಂಗೆ ನೆಟ್ಟಗೆ ಮೇಲಕ್ಕೇ ಹೋಗ್ತವೆ, ಸೂರು ಗೇಣೆತ್ತರ ಇದ್ರೆ ವೇಗ ಸಿಗಲ್ಲ, ಎರಡಾಳೆತ್ತರ ಇದ್ರೆ ಅಲ್ಲಿಗೆ ಹೋಗೋಷ್ಟರಲ್ಲಿ ಸುಸ್ತಾಗ್ತವೆ, ನಡುವೆ ಇದ್ರೆ ಬುರುಡೆ ಒಡ್ಕೊಂಡು ಸಾಯ್ತವೆ, ತಗಡಿನಡಿ ಮೆತ್ತಗೆ ಬಟ್ಟೆ ಕಟ್ಟಿರೋದೂ ಅದಕ್ಕೇ — ಅವಳ ಬೆನ್ನ ಹಿಂದೆ ಸೌಟನ್ನ ಮೈಕ್ ಥರ ಹಿಡ್ಕೊಂಡು ಅದನ್ನೇ ಮಿಮಿಕ್ರಿ ಮಾಡಿ ಅಮ್ಮನ್ನ ನಗಿಸ್ತಿದ್ದ. ಪದ ಪದ ಬಾಯಿಪಾಠ ಇತ್ತು, ತಲೆಗೆ ಮಾತ್ರ ಹೋಗಿರಲಿಲ್ಲ. ಮೊದಲ ತಂಡವನ್ನ ಇಲಿ ನುಗ್ಗಿ ಮುಗಿಸಿತ್ತು, ಅಕ್ಕ ಎರಡು ದಿನ ಅನ್ನ ಮುಟ್ಟಿರಲಿಲ್ಲ, ಗಂಡನ ಮನೆ ಬಿಟ್ಟು ಬಂದಾಗಲೂ ಅಷ್ಟು ಅತ್ತಿರಲಿಲ್ಲ. ಈ ತಂಡ ಅವಳೇ ಮರಿ ಮಾಡಿಸಿದ್ದು, ಅಡುಗೆಮನೆ ಮೂಲೇಲಿ ಥರ್ಮೋಕೋಲ್ ಡಬ್ಬ, ಒಳಗೊಂದು ಬಲ್ಬು, ಹದಿನೇಳು ದಿನ ಅದರ ಪಕ್ಕದಲ್ಲೇ ಚಾಪೆ, ಹೆಬ್ಬೆರಳಷ್ಟು ಮರಿಗಳು, ನೀರಿನ ತಟ್ಟೇಲಿ ಮುಳುಗಿ ಸತ್ತುಹೋಗ್ತವೆ ಅಂತ ತಟ್ಟೆ ತುಂಬಾ ಗೋಲಿ ಹಾಕಿದ್ಲು. ಇದೂ ಹೋದ್ರೆ ಮುಗೀತು, ನನ್ ಕೈಗೆ ಯಾವುದೂ ಹತ್ತಲ್ಲ ಅಂತ ನಾನೂ ಒಪ್ಕೋತೀನಿ, ಅಂದಿದ್ಲು, ನಗ್ತಾನೇ.

ಮೊಳೆ. ನೋಡಬೇಡ ಅಂದ್ರೂ ಕಣ್ಣು ಅಲ್ಲಿಗೇ ಹೋಗುತ್ತೆ. ಅಷ್ಟರಲ್ಲಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಅವನ ಫೋನು, ಹ ಹ್ಹ ಹ್ಹಾ ಅಂತ ವಿಲನ್ ನಗು, ಅವನೇ ಇಟ್ಕೊಂಡ ರಿಂಗ್‌ಟೋನು, ಯಾವ ದೇವರು ಇಡಿಸಿದ್ನೋ — ಹಕ್ಕಿಗಳೆಲ್ಲ ಒಂದೇ ಸಲ ಮೈ ಕುಗ್ಗಿಸಿದ್ವು, ಕತ್ತು ಉದ್ದ ಆಯ್ತು, ಒಂದು ಚಿಮ್ಮಿತು, ಟಪ್, ಎರಡು ಮೊಳೆಯ ನಡುವೆ ತಗಡಿಗೆ ಬಡಿದು ಕೆಳಗೆ ಬಿತ್ತು, ಎದ್ದಿತು, ಅಬ್ಬಾ ಎದ್ದಿತು, ಕುಡಿದವರ ಥರ ಒಂದು ಸುತ್ತು ಹೊಡೆದು ಗುಂಪಿಗೆ ಸೇರಿತು. ಫೋನು ನಿಂತಿತು. ಗೇಟು ಕಿರ್ ಅಂತು. ಅಕ್ಕ. ಲೋ ಡೈಲಾಗು, ಫೋನ್ ಇಲ್ಲೇ ಕೂಗ್ತಿದೆ, ಎಲ್ಲಿ ಸತ್ತ್ಯೋ. ಬಂದ್ಲು, ಬದುಕಿದೆ, ಅವಳು ಗೂಡಿನ ಹತ್ರ ಬರುವಾಗ ಬೋ ಬೋ ಬೋ ಅಂತ ಮೆಲ್ಲಗೆ ಹಾಡ್ಕೊಂಡೇ ಬರ್ತಾಳೆ, ಆ ದನಿ ಕೇಳಿದ್ರೆ ಹಕ್ಕಿ ಹೆದರಲ್ಲ, ಹಾಡು ಅಕ್ಕಾ, ಹಾಡು — ಹಾಡ್ತಿಲ್ಲ. ಯಾಕೆ ಹಾಡ್ತಿಲ್ಲ. ಚಪ್ಪಲಿ ಬಿಟ್ಟ ಸದ್ದು, ಒಂದು, ಎರಡು, ಆಮೇಲೆ ಏನೂ ಇಲ್ಲ. ಅಯ್ಯೋ. ಫೋನು ಇದೆ, ಇವನಿಲ್ಲ, ಅಂದ್ರೆ ಎಲ್ಲೋ ಅಡಗಿ ಕೂತಿದಾನೆ, ನನ್ನ ಹೆದರಿಸೋಕೆ ಕಾಯ್ತಿದಾನೆ ಅಂದ್ಕೊಂಡಿದಾಳೆ, ಅಂದ್ಕೊಳ್ಳದೆ ಇರ್ತಾಳಾ, ನೀರಿನ ಡ್ರಮ್ಮಿನ ಹಿಂದೆ, ಬಾಗಿಲ ಸಂದೀಲಿ, ಬೀರುವಿನೊಳಗೆ, ವಾರಕ್ಕೆ ಮೂರು ಸಲ ಭೌ ಅಂದಿಲ್ವಾ, ಅವಳ ಕೈಲಿದ್ದ ಹಾಲಿನ ಪಾತ್ರೆ ಬೀಳಿಸಿಲ್ವಾ, ಒಂದು ದಿನ ನಿಂಗೆ ತಿರುಗಿಸಿ ಕೊಡ್ತೀನಿ ನೋಡ್ತಿರು ಅಂದಿಲ್ವಾ ಅವಳು. ಇವತ್ತು ಕೊಡ್ತಿದಾಳೆ, ಹಕ್ಕಿಗಳು ಇನ್ನೂ ಹೊರಗಿನ ಕ್ರೇಟಲ್ಲೇ ಇವೆ ಅಂದ್ಕೊಂಡು, ಬಿಸಿಲಿಂದ ಬಂದ ಕಣ್ಣಿಗೆ ಜಾಲರಿಯೊಳಗಿನ ಕತ್ತಲಲ್ಲಿ ಏನೂ ಕಾಣ್ದೆ.

ಬಾಗಿಲ ಕೆಳಗಿನ ಸಂದೀಲಿ ಪಾದ, ತುದಿಗಾಲು, ಬೆರಳಿಗೆ ಅಂಟಿದ ಧೂಳು. ಕೂಗಿದ್ರೆ ಇವು ಹಾರ್ತವೆ, ಕೂಗದಿದ್ರೆ ಅವಳು ಬಡೀತಾಳೆ. ಅಕ್ಕಾ, ಬೇಡ, ಅಂದ, ತುಟಿಯಲ್ಲೇ, ಗಾಳಿಯಲ್ಲೇ. ಹೊರಗೆ ನಗು ನುಂಗಿದ ಸದ್ದು. ಓಹೋ, ಇವತ್ತು ಸೆಂಟಿಮೆಂಟ್ ಸೀನಾ ಸ್ವಾಮಿ, ಅಂತಾಳೆ ಪಿಸುಮಾತಲ್ಲೇ. ನಿಜ ಅಕ್ಕಾ, ತಾಯಾಣೆ — ಅದನ್ನೂ ಹೋದ ವಾರ ಹಾವು ಅಂತ ಹಗ್ಗ ತೋರಿಸುವಾಗ ಹೇಳಿದ್ದ, ನನ್ನ ನಂಬು, ಅದೂ ಯಾವನೋ ಹೀರೋ ಹೇಳಿದ್ದೇ, ಸ್ವಂತದ್ದು ಅಂತ ಒಂದು ಮಾತು, ಒಂದೇ ಒಂದು, ಬಾಯಲ್ಲಿ ಇಲ್ಲ. ಅವನು ಎರಡೂ ಅಂಗೈ ಮೇಲಕ್ಕೆತ್ತುತ್ತಿದಾನೆ, ಗಡಿಯಾರದ ಚಿಕ್ಕ ಮುಳ್ಳಿನ ಥರ, ಹಕ್ಕಿಗಳಿಗೂ ಮೊಳೆಗಳಿಗೂ ನಡುವೆ, ಬೆರಳು ಅಗಲಿಸಿ, ಮೊಳೆ ತುದಿಗಳು ಕೈಗೆ ಚುಚ್ತಿವೆ, ಚುಚ್ಚಲಿ, ಎರಡು ಕೈ ಎಷ್ಟು ಮುಚ್ಚುತ್ತೆ, ಏಳು, ಎಂಟು, ಉಳಿದವು ಹದಿನಾರು, ಇನ್ನೂ ಎರಡು ಕೈ ಇರಬೇಕಿತ್ತು, ಹತ್ತು ಇರಬೇಕಿತ್ತು, ಜಾಲರಿ ಆಚೆ ನೆರಳು ಆಡಿತು, ಅಕ್ಕನ ಕೈ ಮೇಲೆ ಹೋಗ್ತಿದೆ, ಅಂಗೈ ಅಗಲ ಆಗ್ತಿದೆ, ತಗಡಿಗೆ ಬಡಿಯೋಕೆ, ಹಕ್ಕಿಗಳ ಕತ್ತು ಒಂದೇ ಸಲ ಉದ್ದ ಆಯ್ತು, ಹಣೆ ಮೇಲೆ ಬಿಳಿ ಗೆರೆ ಇರೋ ಒಂದು ಹಕ್ಕಿ ಬಾಗಿಲ ಹತ್ರ ನಿಂತಿದೆ, ಅದರ ನೆತ್ತಿಗೆ ನೇರ ಒಂದು ಮೊಳೆ, ಅವನ ಬೆರಳು ಅಲ್ಲಿವರೆಗೂ ಎಟುಕ್ತಿಲ್ಲ, ಒಂದು ಅಂಗುಲ, ಬಿಸಿಲು ಹಿಡಿದು ಹೊಳೀತಿರೋ ಮೊಳೆ, ಅಕ್ಕ ಉಸಿರು ಎಳ್ಕೊಂಡ್ಲು, ಮೊಳೆ, ಆ ಒಂದು ಮೊಳೆ, ಮೊಳೆ —