ಹುದಲೆಂಬ ಹಕ್ಕಿ

“ಏಳನೇ ಇಯತ್ತೆ ದಾಟಲಾರದಾಂವ ಹಕ್ಕಿಗೆ ಹೆಸರಿಡ್ಲಿಕ್ಕತ್ತಾನ ನೋಡ್ರಿ. ಲೇ ಹಾಲೇಶ, ನಿನಗ ಗೊತ್ತಿರೂದು ಹಕ್ಕಿ ಅಲ್ಲೋ, ಹಿಕ್ಕಿ. ಕುರೀ ಹಿಕ್ಕಿ.”

ರಘುವೀರ ಸರ್ ಗಟ್ಟಿಯಾಗಿಯೇ ಅಂದರು. ಜಮಖಂಡಿಯಿಂದ ಹಕ್ಕಿ ನೋಡಲು ಜೊತೆಗೆ ಬಂದಿದ್ದ ಆರೂ ಮಂದಿ ನಕ್ಕರು. ಸರ್ ಹೆಂಡತಿ ರಸಿಕಾ ಕೂಡ ದುರ್ಬೀನು ಅಡ್ಡ ಹಿಡಿದು ನಕ್ಕರು. ಹಾಲೇಶನ ಕಿವಿ ಕಾದವು.

ಆಗಿದ್ದು ಇಷ್ಟೆ. ಚಿಕ್ಕಪಡಸಲಗಿ ಬ್ಯಾರೇಜಿನ ಹಿನ್ನೀರು ಹಳ್ಳದೊಳಕ್ಕೆ ಚಾಚಿಕೊಂಡ ಕಡೆ ಚಳಿಗಾಲಕ್ಕೆ ಹಕ್ಕಿಗಳು ಇಳಿಯುತ್ತವೆ. ಅಲ್ಲೇ ಕುರಿ ಮೇಯಿಸುವ ಹಾಲೇಶನನ್ನು ದಾರಿ ತೋರಿಸಲು ಕರೆದುಕೊಂಡಿದ್ದರು. ಅವನು ಹಕ್ಕಿಗೆ ಊರಿನ ಹೆಸರು ಹೇಳುವುದು, ಸರ್ ಬರೆದುಕೊಂಡು ಪಕ್ಕದಲ್ಲಿ ಖರೆ ಹೆಸರು ಹಚ್ಚುವುದು, ಬೆಳಗಿನಿಂದ ಇದೇ ನಡೆದಿತ್ತು. ಆಚೆ ಹತ್ತಿಪ್ಪತ್ತು ರಾಜಹಂಸಗಳು ಹಿಮ್ಮಡಿ ಮುಳುಗುವಷ್ಟೇ ನೀರಲ್ಲಿ ನಿಂತಿದ್ದವು. ಹಾಲೇಶ ಆ ಕಡೆ ಬೆರಳು ಮಾಡಿ, ಅಲ್ಲಿ ಹುದಲ ಐತ್ರಿ ಅಂದಿದ್ದ.

ಸರ್ ಅದನ್ನೂ ಹಕ್ಕಿಯೆಂದೇ ತಿಳಿದರು. ಅಂಥ ಹಕ್ಕಿ ಯಾವ ಪುಸ್ತಕದಲ್ಲೂ ಇಲ್ಲವೆಂದು ನಗಾಡಿದರು. ಪುಣೆಯಲ್ಲಿ ಬೆಳೆದವರು; ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡು, ಕಾಲಿಟ್ಟರೆ ಒಳಕ್ಕೆ ಎಳೆದುಕೊಳ್ಳುವ ಕೆಸರಿಗೆ ಇಲ್ಲಿ ಹುದಲ ಅನ್ನುತ್ತಾರೆಂದು ಅವರಿಗೇನು ಗೊತ್ತು? ಉಳಿದವರಿಗೆ ಬೈದದ್ದು ಕೇಳಿಸಿತ್ತು, ಹುದಲ ಅನ್ನುವ ಮಾತು ಕೇಳಿಸಿರಲಿಲ್ಲ.

ಸರ್ ಕ್ಯಾಮೆರಾ ಹಿಡಿದು ರಾಜಹಂಸಗಳ ಕಡೆ ಹೊರಟರು. ಹಾಲೇಶ ಹಲ್ಲು ಕಚ್ಚಿ ನಿಂತ. ಹೋಗಲಿ ಮಗ, ಹಿಕ್ಕಿ ಯಾವುದು ಹಕ್ಕಿ ಯಾವುದು ತಿಳಿಯಲಿ. ಹತ್ತು ಹೆಜ್ಜೆ ನೆಲ ಗಟ್ಟಿ ಇತ್ತು. ಹದಿನೈದಕ್ಕೆ ಸರ್ ಬೂಟಿನ ಗುರುತಿನಲ್ಲಿ ನೀರು ಜಿನುಗಿತು. ಅಷ್ಟರಲ್ಲೇ ಹಾಲೇಶನ ಸಿಟ್ಟು ಎಲ್ಲೋ ಇಳಿದುಹೋಯಿತು. ಹೋದ ವರ್ಷ ಅಲ್ಲಿಯೇ ಅವನ ಎರಡು ಕುರಿ ಹೋಗಿದ್ದವು. ಕೊನೆಗೆ ಕಿವಿ ಅಷ್ಟೇ ಕಂಡಿದ್ದವು.

“ಸರ್, ನಿಂದರ್ರಿ,” ಎಂದು ಕೂಗಿದ. ಸರ್ ತಿರುಗಲಿಲ್ಲ. ಹಕ್ಕಿ ಹಾರಿಹೋದಾವೆಂದು, ಸುಮ್ಮನಿರು ಅನ್ನುವಂತೆ ಕೈ ಎತ್ತಿದರು. ಎತ್ತಿದ ಕೈ ಹಾಗೇ ಕೆಳಕ್ಕಿಳಿಯಿತು. ಮೊಣಕಾಲು, ತೊಡೆ. ರಾಜಹಂಸಗಳು ಒಮ್ಮೆಲೇ ಎದ್ದವು. ಕಾಲು ಕಿತ್ತುಕೊಳ್ಳಲು ಒದ್ದಾಡಿದಷ್ಟೂ ಸರ್ ಇಳಿದರು. ಸೊಂಟ.

ರಸಿಕಾ ಓಡಿದರು. ಹಾಲೇಶ ಅವರ ರಟ್ಟೆ ಹಿಡಿದು ಹಿಂದಕ್ಕೆ ನೂಕಿ, ಯಾರೂ ಬರಬೇಡಿರೆಂದು ಚೀರಿದ. ಹೊದ್ದ ಕಂಬಳಿ ಹಾಸಿ, ಅದರ ಮೇಲೆ ಬೋರಲು ಬಿದ್ದು ತೆವಳಿದ. ಎದೆಯಡಿಯ ನೆಲ ಗಬ್ಬದ ಕುರಿಯ ಹೊಟ್ಟೆಯಂತೆ ಅಲುಗುತ್ತಿತ್ತು. ನಾನೂ ಹೋದೆ ಅನ್ನಿಸಿತು. ಬೀರಪ್ಪಾ, ಬೀರಪ್ಪಾ ಎಂದು ಮನೆದೇವರನ್ನು ನೆನೆಯುತ್ತ ಕಂಬಳಿಯ ಅಂಚನ್ನು ಮುಂದಕ್ಕೆ ತಳ್ಳಿದ.

“ಕಾಲ ಜಾಡಸಬ್ಯಾಡ್ರಿ ಸರ್. ಹಿಂದಕ್ಕ ಮಲಕೋರಿ. ಇದನ್ನ ಹಿಡೀರಿ.”

ಸರ್ ಕಣ್ಣು ಸಾಯುವ ಕುರಿಯ ಕಣ್ಣಿನ ಹಾಗಿದ್ದವು. ದಂಡೆಯವರು ಗಟ್ಟಿ ನೆಲದ ಅಂಚಿನವರೆಗೆ ಬಂದು ಹಾಲೇಶನ ಕಾಲು ಹಿಡಿದು ಜಗ್ಗಿದರು. ಅರ್ಧ ತಾಸು ಬೇಕಾಯಿತು. ಬೂಟು, ಕ್ಯಾಮೆರಾ ಅಲ್ಲೇ ಉಳಿದವು.

ದಂಡೆಯಲ್ಲಿ ಸರ್ ಬರಿಗಾಲಲ್ಲಿ ಕುಳಿತರು. ಒಬ್ಬೊಬ್ಬರೂ ಹಾಲೇಶನ ಬೆನ್ನು ತಟ್ಟಿದರು. ದೇವರ ಹಾಗೆ ಬಂದೆ ಅಂದರು. ರಸಿಕಾ ಮಾತ್ರ ಅವನನ್ನೇ ನೋಡುತ್ತಿದ್ದರು.

“ನಿನಗ ಮೊದಲ ಗೊತ್ತಿತ್ತು. ಅವ್ರು ಅತ್ಲಾಗ ಹೊಂಟಾಗ ಯಾಕ ಸುಮ್ಮನ ನಿಂತಿದ್ದಿ?”

ಎಲ್ಲರೂ ಹಾಲೇಶನ ಬಾಯಿ ನೋಡಿದರು. ಅವನು ತಲೆ ತಗ್ಗಿಸಿ, ಕುರಿಗಳಿದ್ದ ದಿಕ್ಕಿಗೆ ನಡೆದುಬಿಟ್ಟ.