ಮುಂದಿನ ಹೆಜ್ಜೆಯ ಚೀಟಿ

ಮಗಳು ಸಕ್ಕರೆ ಡಬ್ಬಿಯನ್ನು ಬೋರಲು ಹಾಕಿ ತಟ್ಟಿದಳು. ಸಕ್ಕರೆಯ ಬದಲು ಚೀಟಿಯೊಂದು ಬಿತ್ತು. ಅಮ್ಮನ ಗುಂಡು ಅಕ್ಷರ: ‘ಸಕ್ಕರೆ ಮುಗಿದಿದೆ. ಮುಂದೆ: ತರಬೇಕು.’

“ನೋಡು, ಹೋಗೋವಾಗ್ಲೂ ಚೀಟಿ ಬರೆದಿಟ್ಟೇ ಹೋಗಿದಾಳೆ,” ಎಂದ ಅಣ್ಣ.

ಅಮ್ಮನ ಉಸಿರು ಹಿಂದಿನ ದಿನ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ನಿಂತಿತ್ತು. ಈಗ ನಡುಮನೆಯಲ್ಲಿ ಮಲಗಿಸಿದ್ದರು. ಹನ್ನೊಂದಕ್ಕೆ ಸ್ಮಶಾನಕ್ಕೊಯ್ಯುವ ವ್ಯಾನು ಬರುವುದಿತ್ತು. ಬಂದವರಿಗೆಲ್ಲ ಮಗಳು ಸಕ್ಕರೆಯಿಲ್ಲದ ಚಹಾ ಕೊಟ್ಟಳು; ಎಲ್ಲರೂ ಹಾಗೆಯೇ ಕುಡಿದರು.

ಮೂಲೆಯಲ್ಲಿದ್ದ ಮುದುಕಿಯೊಬ್ಬರು ಮಾತ್ರ ಆ ಚೀಟಿಗಾಗಿ ಕೈ ಚಾಚಿದರು. ಹವಾಮಾನ ಕಚೇರಿಯ ಲೆಕ್ಕದ ಕೋಣೆಯಲ್ಲಿ ಮೂವತ್ತು ವರ್ಷ ಅಮ್ಮನ ಎದುರು ಕೂತು ಕೆಲಸ ಮಾಡಿದವರು. ಅಮ್ಮ ಅವರನ್ನು ಕರೆಯುತ್ತಿದ್ದುದೇ ‘ಎದುರುಮೇಜು’ ಎಂದು.

“ಇದು ಆಫೀಸಿನ ಅಭ್ಯಾಸ ಕಣಮ್ಮಾ,” ಎಂದರು ಎದುರುಮೇಜು. “ಆಗ ಯಂತ್ರ ಎಲ್ಲಿತ್ತು? ಗಾಳಿ, ಒತ್ತಡ, ಎಲ್ಲಾ ಪೆನ್ಸಿಲಲ್ಲೇ. ಮಧ್ಯದಲ್ಲಿ ಒಬ್ಬಳು ಎದ್ದು ಹೋದ್ರೆ ಇಡೀ ಹಾಳೆ ಮೊದಲಿಂದ. ಏಳೋ ಮುಂಚೆ, ಎಲ್ಲಿಗೆ ಬಂದಿದೀನಿ, ಮುಂದೇನು ಅಂತ ಬರೆದಿಡೋದನ್ನ ಶುರು ಮಾಡಿದ್ದು ನಿಮ್ಮಮ್ಮನೇ. ಆಮೇಲೆ ಯಾರು ಬಂದು ಕೂತ್ರೂ ಲೆಕ್ಕ ನಡೀತಿತ್ತು.”

ಮಗಳು ತಲೆ ತಗ್ಗಿಸಿದಳು. ಆ ಕೋಣೆಯ ಮಾತು ಬಂದರೆ ಸಾಕು, ಒಂದು ವರ್ಷದಿಂದ ಅವಳಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು.

* * *

ಮಗಳು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ವರ್ಷದ ಹಿಂದೊಂದು ದಿನ ಅಮ್ಮ ಹೆಣೆಯುತ್ತ, “ಈ ಕಂಪ್ಯೂಟರೆಲ್ಲ ಶುರುವಾಗಿದ್ದು ಎಲ್ಲಿಂದ?” ಎಂದು ಕೇಳಿದ್ದಳು.

“ಯಂತ್ರದಿಂದ ಅಲ್ಲಮ್ಮ, ಒಂದು ಪ್ರಶ್ನೆಯಿಂದ. ಲೆಕ್ಕ ಮಾಡೋದು ಅಂದ್ರೇನು? ಒಬ್ಬ ಮನುಷ್ಯ, ಚೌಕುಳಿ ಹಾಳೆ, ಒಂದು ಪೆನ್ಸಿಲ್. ಒಂದ್ಸಲಕ್ಕೆ ಒಂದು ಚೌಕ ನೋಡ್ತಾನೆ, ನಿಯಮ ಹೇಳಿದ್ದನ್ನ ಬರೀತಾನೆ, ಪಕ್ಕಕ್ಕೆ ಹೋಗ್ತಾನೆ. ನಿಯಮ ಹಿಡಿದು ಮಾಡೋ ಯಾವ ಲೆಕ್ಕಾನೂ ಇಷ್ಟರಲ್ಲೇ ಮುಗಿಯುತ್ತೆ ಅಂತ ಒಬ್ಬ ಗಣಿತಜ್ಞ ಹೇಳಿದ. ಯಂತ್ರ ಬರೋಕೆ ಮೊದಲೇ, ಬರೀ ಕಾಗದದ ಮೇಲೆ! ಆ ಮನುಷ್ಯನ ಜಾಗದಲ್ಲಿ ಏನಿಟ್ರೂ ನಡೆಯುತ್ತೆ. ಯಾಕಂದ್ರೆ ಆ ಕೆಲಸಕ್ಕೆ ಬುದ್ಧಿಯೇ ಬೇಕಿಲ್ಲ.”

ಸೂಜಿಗಳ ಸದ್ದು ನಿಂತಿತು.

“ಹಾಗಾದ್ರೆ ನಾವು ಹನ್ನೆರಡು ಜನ ಮೂವತ್ತು ವರ್ಷ ಬುದ್ಧಿ ಇಲ್ದೇ ಕೂತಿದ್ವಾ?”

ಮಗಳು ನಾಲಿಗೆ ಕಚ್ಚಿಕೊಂಡಳು. ಹಾಗಲ್ಲಮ್ಮ ಎಂದಳೇ? ಇಲ್ಲ. ಫೋನು ಹೊಡೆದುಕೊಂಡಿತು, ಎದ್ದು ಹೋದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಅಂಥ ನಾಳೆಗಳಲ್ಲೇ ವರ್ಷ ಉರುಳಿತು.

* * *

“ನನ್ನ ಮೇಲೆ ಕೋಪ ಇತ್ತಾ ಅವಳಿಗೆ?” ಮಗಳು ತಗ್ಗಿದ ದನಿಯಲ್ಲಿ ಕೇಳಿದಳು.

“ಸುಳ್ಳು ಯಾಕೆ ಹೇಳ್ಲಿ? ಒಂದು ವಾರ ನನ್ನ ಹತ್ರ ಗೊಣಗಿದ್ಲು,” ಎಂದರು ಎದುರುಮೇಜು. “ಆಮೇಲೆ ಆ ಮಾತೇ ಎತ್ತಲಿಲ್ಲ. ಮನಸ್ಸಲ್ಲಿ ಏನಿತ್ತೋ.”

ಅಷ್ಟರಲ್ಲಿ ಅಣ್ಣ, “ಅಮ್ಮನ ಶಾಲು ತಾ, ಹೊದಿಸೋಣ,” ಎಂದ.

ಶಾಲು ಅಮ್ಮನ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಪಕ್ಕದಲ್ಲಿ ಹೆಣಿಗೆಯ ಬುಟ್ಟಿ. ಅದರಲ್ಲಿ ಮಗಳಿಗೆಂದು ಹೆಣೆಯುತ್ತಿದ್ದ ಬೂದು ಸ್ವೆಟರು. ಎಡತೋಳು ಪೂರ್ತಿಯಾಗಿತ್ತು, ಬಲತೋಳು ಮೊಣಕೈವರೆಗೆ ಬಂದಿತ್ತು. ಅದಕ್ಕೊಂದು ಚೀಟಿ ಪಿನ್ನು ಮಾಡಿತ್ತು. ಚೀಟಿ ಏನು, ಇಡೀ ಚೌಕುಳಿ ಹಾಳೆ.

‘ಬಲತೋಳು. ನಲವತ್ತೆರಡನೇ ಸಾಲು ಮುಗಿದಿದೆ. ಮುಂದೆ:’ ಎಂದು ಆರಂಭ. ಒಂದು ಚೌಕಕ್ಕೆ ಒಂದೇ ಕೆಲಸ. ಯಾವ ಸೂಜಿ ಯಾವ ಕೈಯಲ್ಲಿ, ನೂಲು ಯಾವ ಕಡೆಯಿಂದ, ಎಲ್ಲದಕ್ಕೂ ಪುಟ್ಟ ಚಿತ್ರ, ಬಾಣದ ಗುರುತು. ಹಾಳೆಯ ಕೊನೆಯಲ್ಲಿ ಹೀಗಿತ್ತು:

‘ನಿನಗೆ ಹೆಣಿಗೆ ಬಾರದು, ಗೊತ್ತು. ಹೆದರಬೇಡ. ಇದಕ್ಕೆ ಬುದ್ಧಿ ಬೇಕಿಲ್ಲ, ಬರೆದ ಹಾಗೆ ಮಾಡಿದರೆ ಸಾಕು. ಬುದ್ಧಿ ಬರೆಯುವವಳಿಗೆ ಬೇಕು.’

ಮಗಳಿಗೆ ನಗು ಉಕ್ಕಿ ಬಂತು. ಅದರ ಹಿಂದೆಯೇ, ನಿನ್ನೆಯಿಂದ ಬಾರದಿದ್ದ ಅಳುವೂ ಬಂತು. ಕಣ್ಣೊರೆಸಿಕೊಂಡು ಅಮ್ಮನ ಕುರ್ಚಿಯಲ್ಲಿ ಕೂತಳು. ಸೂಜಿ ಹಿಡಿದಳು. ಮೊದಲನೇ ಚೌಕ ಓದಿ ಹಾಗೆಯೇ ಮಾಡಿದಳು. ಒಂದು ಕುಣಿಕೆ ಬಿತ್ತು. ಎರಡನೆಯದು ಸೊಟ್ಟಗೆ ಬಿತ್ತು. ಮೂರನೆಯದು ನೆಟ್ಟಗಾಯಿತು.

ಹೊರಗೆ ವ್ಯಾನಿನ ಹಾರನ್ನು ಕೇಳಿಸಿತು.

“ಬಾರೇ, ಹೊತ್ತಾಯ್ತು!” ಅಣ್ಣ ಕೂಗಿದ.

“ಬಂದೆ.”

ಅರ್ಧ ಎದ್ದವಳು ಮತ್ತೆ ಕೂತಳು. ಬುಟ್ಟಿಯಲ್ಲಿ ತಡಕಾಡಿ ಅಮ್ಮನ ಮೋಟು ಪೆನ್ಸಿಲನ್ನು ಹುಡುಕಿ ತೆಗೆದು, ಗುಂಡು ಅಕ್ಷರಗಳ ಕೆಳಗೆ ತನ್ನ ಗೀಚು ಅಕ್ಷರದಲ್ಲಿ ಬರೆದಳು: ‘ನಲವತ್ತಮೂರನೇ ಸಾಲು. ಮೂರು ಕುಣಿಕೆ ಆಗಿದೆ. ಮುಂದೆ: ನಾಲ್ಕನೆಯದು.’

ಹಾಳೆಯನ್ನು ತೋಳಿಗೆ ಪಿನ್ನು ಮಾಡಿ, ಶಾಲು ಎತ್ತಿಕೊಂಡು ನಡುಮನೆಗೆ ಹೋದಳು.