ನಲ್ಲಿಯತ್ತ ಹೋಗುವ ಕೈ

ಉಕ್ಕು ಕೊಯ್ಯಲೆಂದು ಸೌಮ್ಯಶ್ರೀ ತಾನೇ ಗೂಡಿನಲ್ಲಿ ಸುಟ್ಟು ತಂದಿದ್ದ, ಉಳಿಯ ತುದಿಗೆ ಕೂರಿಸುವ ಪಿಂಗಾಣಿ ಟಿಪ್ಪುಗಳಲ್ಲಿ ಮೂರು ಆಗಲೇ ಸೀಳಿದ್ದವು. ರಾಜಾಜಿನಗರದ ಆ ಶೆಡ್ಡಿನಲ್ಲಿ ನಲವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರ ಓಡಿಸಿದ್ದ ಜಂಬಣ್ಣ, "ಉಪ್ಪಿನಕಾಯಿ ಜಾಡೀಲಿ ಉಕ್ಕು ಕೊಯ್ಯೋಕಾಗುತ್ತೇನಮ್ಮ?" ಎನ್ನುತ್ತ ನಾಲ್ಕನೆಯದನ್ನು ಬಿಗಿದು ಲೇತ್ ಚಾಲೂ ಮಾಡಿದರು.

ಈ ಸಲ ಅವಳು ಟಿಪ್ಪು ಬಿಟ್ಟು ಅವರ ಕೈಯನ್ನೇ ನೋಡಿದಳು. ಉಕ್ಕು ಕೆಂಪಗಾಗುತ್ತಿದ್ದಂತೆ ಆ ಕೈ ತಂತಾನೇ, ಉಕ್ಕು ತಣಿಸಲು ನೀರು ಬಿಡುವ ಕೂಲೆಂಟ್ ನಲ್ಲಿಯತ್ತ ಹೋಯಿತು. ನೀರು ಬಿಡಬೇಡಿ ಎಂದು ಬೆಳಿಗ್ಗೆಯೇ ಹೇಳಿದ್ದಳು.

"ಅಣ್ಣ, ಕೈ ತೆಗೀರಿ. ಈ ಟಿಪ್ಪು ಬಿಸಿಗೆ ಹೆದರಲ್ಲ. ಕಾದಾಗ ನೀರು ಬಿದ್ರೆ ಸೀಳುತ್ತೆ."

ಜಂಬಣ್ಣ ನಾಚಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅರ್ಧ ಗಂಟೆ ಕೆಂಡದಂಥ ಚೂರುಗಳು ಉದುರಿದವು. ಟಿಪ್ಪಿನ ಅಂಚು ಮುಕ್ಕಾಗಲಿಲ್ಲ.

ಅವರು ಸ್ಪ್ಯಾನರ್ ಎತ್ತಿಕೊಂಡರು. "ಈ ಕೈನ ನಂಬಬೇಡಮ್ಮ, ನಲ್ಲೀನೇ ಬಿಚ್ಚಿಡ್ತೀನಿ. ನಾಳೆ ಇನ್ನೂ ಹತ್ತು ತಗೊಂಡ್ಬಾ."